ಮೂರನೆಯ ಅಯ್ಯೋ

ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ಅಯ್ಯೋ ಟೀಚರ್. ಎದುರಿಗೆ ಬರೀ ಟೀಚರ್, ಬೆನ್ನು ತಿರುಗಿದರೆ ಅಯ್ಯೋ ಟೀಚರ್. ಅದು ಅವರ ಕಿವಿಗೆ ಬಿದ್ದಿರಲಿಲ್ಲವೆಂದೇನಲ್ಲ. ಹದಿನೆಂಟು ವರ್ಷ ಒಂದೇ ಶಾಲೆಯಲ್ಲಿ ಸವೆದವರಿಗೆ ಯಾವ ಗೋಡೆ ಏನು ಪಿಸುಗುಡುತ್ತದೆ ಎಂದು ಯಾರೂ ಹೇಳಬೇಕಾಗಿಲ್ಲ. ಕುರ್ಚಿಯಲ್ಲಿ ಕೂರುವಾಗ ಒಂದು ಅಯ್ಯೋ, ಏಳುವಾಗ ಇನ್ನೊಂದು. ಗುಂಡಿ ಕಿತ್ತುಹೋದ ಅಂಗಿ ಕಂಡರೆ ಒಂದು, ಕೋಳಿ ಕೆದರಿದಂಥ ಅಕ್ಷರ ಕಂಡರೆ ಮತ್ತೊಂದು. ದೊಡ್ಡವರಿಗೆ ಎಲ್ಲವೂ ಒಂದೇ ಥರ ಕೇಳುತ್ತಿದ್ದವು. ಮಕ್ಕಳಿಗೆ ಮಾತ್ರ ಮಂಡಿನೋವಿನ ಅಯ್ಯೋ ಬೇರೆ, ಮಗ್ಗಿಯ ಅಯ್ಯೋ ಬೇರೆ ಎಂದು ಚೆನ್ನಾಗಿ ಗೊತ್ತಿತ್ತು.

ಇನ್ನೂ ಒಂದು ಸಂಗತಿ ಮಕ್ಕಳಿಗೆ ಗೊತ್ತಿತ್ತು, ಟೀಚರಿಗೇ ಗೊತ್ತಿರಲಿಲ್ಲ. ಅವರು ಪ್ರಶ್ನೆ ಕೇಳಿದಾಗ ತಪ್ಪು ಹೇಳಿದರೆ ಒಂದು ಅಯ್ಯೋ ಬರುತ್ತದೆ. ಮತ್ತೆ ತಪ್ಪಿದರೆ ಎರಡನೆಯದು. ಮೂರನೆಯ ಅಯ್ಯೋ ಬಂತೆಂದರೆ ಅದರ ಬಾಲ ಹಿಡಿದುಕೊಂಡು ಉತ್ತರವೂ ಬರುತ್ತದೆ, ಏಕೆಂದರೆ ಅಷ್ಟರಲ್ಲಿ ಟೀಚರು ದಣಿದಿರುತ್ತಾರೆ.

ಕಾಗದದ ಮೇಲೆ ಅವರು ಅತಿಥಿ ಶಿಕ್ಷಕಿ. ಈ ಪದವನ್ನು ಹುಟ್ಟಿಸಿದ ಪುಣ್ಯಾತ್ಮರ ಮನೆಗೆ ಯಾರಾದರೂ ನೆಂಟರು ಬಂದು ಹದಿನೆಂಟು ವರ್ಷ ಕೂರಬೇಕಿತ್ತು, ಆಗ ತಿಳಿಯುತ್ತಿತ್ತು. ಕಾಯಂ ಟೀಚರೊಬ್ಬರು ಹೆರಿಗೆ ರಜೆ ಹಾಕಿದಾಗ ನಾಲ್ಕು ತಿಂಗಳ ಮಟ್ಟಿಗೆ ಎಂದು ಇವರನ್ನು ಕರೆದಿದ್ದರು. ರಜೆ ಹಾಕಿದವರು ಬೇರೆ ಶಾಲೆಗೆ ವರ್ಗವಾಗಿ ಹೋದರು. ಆಗ ಹುಟ್ಟಿದ ಕೂಸು ಈಗ ಕಾಲೇಜು ಮೆಟ್ಟಿಲು ಹತ್ತಿದೆ. ಇವರು ಮಾತ್ರ ಇನ್ನೂ ಆ ರಜೆಯ ಜಾಗದಲ್ಲೇ ಇದ್ದಾರೆ. ವರ್ಷದ ಕೊನೆಗೊಂದು ಬಿಡುಗಡೆ ಪತ್ರ, ಹೊಸ ವರ್ಷದ ಶುರುವಿಗೊಂದು ನೇಮಕ ಪತ್ರ, ನಡುವಿನ ಎರಡು ತಿಂಗಳು ಅವರು ಯಾರೂ ಅಲ್ಲ. ತರಗತಿಯ ಗಡಿಯಾರದ ಬೆನ್ನ ಮೇಲಾದರೂ ಶಾಲೆಯ ಹೆಸರು, ನಂಬರು ಬರೆದಿತ್ತು. ಇವರಿಗೆ ಅಷ್ಟೂ ಇರಲಿಲ್ಲ.

ಇದ್ದದ್ದು ಅಕ್ಕನ ಜೊತೆ. ಎರಡನೆಯ ಮಹಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮೇಲೆ ಹೋಗಲು ಮೂವತ್ತೆರಡು ಮೆಟ್ಟಿಲು. ಹದಿನಾರನೆಯ ಮೆಟ್ಟಿಲಲ್ಲಿ ನಿಂತು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುವುದು ಅವರ ದಿನದ ಕೊನೆಯ ಕೆಲಸ. ಅಕ್ಕ ಟೆಲಿಫೋನ್ ಆಪರೇಟರಾಗಿ ನಿವೃತ್ತರಾದವರು. ದೂರದ ಕರೆಗಳಿಗೆ ಮೂರು ನಿಮಿಷ ಎಣಿಸಿ ಎಣಿಸಿ ಅದು ಅವರ ರಕ್ತಕ್ಕೇ ಇಳಿದಿತ್ತು. ತಂಗಿ ಶಾಲೆಯ ಗೋಳು ಶುರು ಮಾಡಿದರೆ ಅಕ್ಕನ ಕಣ್ಣು ಗೋಡೆಯ ಗಡಿಯಾರದ ಕಡೆ ಹೋಗುತ್ತಿತ್ತು. "ಮೂರು ನಿಮಿಷ ಆಯ್ತು ಕಣೇ. ಲೈನ್ ಕಟ್ ಮಾಡ್ತೀನಿ" ಎಂದು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಕಟುಕರು ಅಂತಲ್ಲ. ತಂಗಿಯ ಸಂಕಟವನ್ನು ಮೂರು ನಿಮಿಷಕ್ಕಿಂತ ಹೆಚ್ಚು ಕೇಳುವ ಶಕ್ತಿ ಅವರಿಗಿರಲಿಲ್ಲ, ಅಷ್ಟೇ.

ಇಂಥ ಹೊತ್ತಿನಲ್ಲಿ ಶಾಲೆಗೆ ಟ್ಯಾಬ್ ಬಂದವು. ಮೂವತ್ತನಾಲ್ಕು ಮಕ್ಕಳ ಎರಡನೆಯ ತರಗತಿಗೆ ಹನ್ನೆರಡು ಟ್ಯಾಬ್. ಅದರಲ್ಲಿ ಒಂದಕ್ಕೆ ಚಾರ್ಜಿನ ತೂತು ಸಡಿಲ. ಬಳಪದ ಡಬ್ಬಿಗೆ ಓರೆಯಾಗಿ ಒರಗಿಸಿ ನಿಲ್ಲಿಸಿದರೆ ಮಾತ್ರ ಕರೆಂಟು ಹಿಡಿಯುತ್ತಿತ್ತು. ಪ್ಲಗ್ಗು ಇದ್ದದ್ದು ಹೆಡ್‌ಮಾಸ್ಟರ ಕೋಣೆಯಲ್ಲಿ. ಹೆಡ್‌ಮಾಸ್ಟರು ಬರುವ ಮೊದಲು ಚಾರ್ಜ್ ಮುಗಿಯಬೇಕು, ಇಲ್ಲದಿದ್ದರೆ ಅವರ ಕಾಲಿಗೆ ವೈರು ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಟೀಚರು ಒಂದು ಬಸ್ಸು ಮೊದಲೇ ಹೊರಟು, ಮುಕ್ಕಾಲು ಗಂಟೆ ಮುಂಚೆ ಬಂದು, ನೆಲದ ಮೇಲೆ ಹನ್ನೆರಡನ್ನೂ ಹರವಿ, ಹಾಲು ಕುಡಿಯುವ ಮರಿಗಳನ್ನು ಕಾಯುವವರ ಹಾಗೆ ಕಾಯುತ್ತ ಕೂರುತ್ತಿದ್ದರು. ಈ ಮುಕ್ಕಾಲು ಗಂಟೆ ಯಾವ ಹಾಜರಿ ಪುಸ್ತಕದಲ್ಲೂ ಬರಲಿಲ್ಲ.

ಟ್ಯಾಬಿನಲ್ಲಿದ್ದ ಆಟ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಬೇಕು. ತೆರೆದ ಕೂಡಲೇ ಹಕ್ಕಿಯೊಂದು ಕೂಗುತ್ತಿತ್ತು. ಕಾಡು, ಕಡಲು, ಮರಳುಗಾಡು, ಹಿಮ, ಹುಲ್ಲುಗಾವಲು ಎಂಬ ಐದು ಚಿತ್ರ. ಕೆಳಗೆ ಇಪ್ಪತ್ತು ಪ್ರಾಣಿ. ಒಂದೊಂದನ್ನೇ ಬೆರಳಿನಿಂದ ಎಳೆದುಕೊಂಡು ಹೋಗಿ ಅದರ ಜಾಗಕ್ಕೆ ಬಿಡಬೇಕು. ಸರಿಯಾದರೆ ಗಂಟೆ ಬಾರಿಸುತ್ತದೆ. ತಪ್ಪಾದರೆ ಒಬ್ಬ ಹೆಂಗಸಿನ ದನಿ ಹೇಳುತ್ತದೆ, ಅಯ್ಯೋ.

ಮೊದಲ ದಿನ ಆ ದನಿ ಕೇಳಿ ತರಗತಿಗೆ ತರಗತಿಯೇ ಸ್ತಬ್ಧವಾಯಿತು. ಮೂವತ್ತನಾಲ್ಕು ತಲೆಗಳು ಟ್ಯಾಬನ್ನು ನೋಡಿದವು, ಟೀಚರನ್ನು ನೋಡಿದವು, ಮತ್ತೆ ಟ್ಯಾಬನ್ನು ನೋಡಿದವು. ಅದೇ ದನಿ, ಅದೇ ಸುಸ್ತು, ಕೊನೆಯ ಓಕಾರದಲ್ಲಿ ಅದೇ ಇಳಿತ. ಯಾವ ಊರಿನ ಯಾವ ಹೆಂಗಸು ಯಾವ ನೋವಿನಲ್ಲಿ ಅದನ್ನು ರೆಕಾರ್ಡ್ ಮಾಡಿದ್ದಳೋ. ನಾನಲ್ಲ ಎಂದು ಟೀಚರು ಎಷ್ಟು ಹೇಳಿದರೂ ಮಕ್ಕಳು ನಂಬಲಿಲ್ಲ. ಒಬ್ಬ ಹುಡುಗ ಟ್ಯಾಬನ್ನು ತಿರುಗಿಸಿ ಬೆನ್ನನ್ನು ನೋಡಿದ.

ಪಾಠದ ಹೆಸರು ಆವಾಸಸ್ಥಾನ. ಏಳು ವರ್ಷದ ನಾಲಿಗೆಗೆ ಅದು ಹೊರಳಲಿಲ್ಲ. ಎರಡೇ ದಿನದಲ್ಲಿ ಅದು ಅವಸರಸ್ಥಾನವಾಯಿತು. ಹುಲಿಯ ಅವಸರಸ್ಥಾನ ಯಾವುದು, ಒಂಟೆಯ ಅವಸರಸ್ಥಾನ ಯಾವುದು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಟೀಚರು ತಿದ್ದಿದರು, ತಿದ್ದಿದರು, ಕೈಬಿಟ್ಟರು. ತಮ್ಮ ಅವಸರಸ್ಥಾನ ಬಸ್ ನಿಲ್ದಾಣ ಎಂದು ಅವರಿಗೇ ಒಂದು ಸಲ ನಗು ಬಂತು.

ಒಂದು ಮಧ್ಯಾಹ್ನ ಹೆಡ್‌ಮಾಸ್ಟರು ಕರೆದರು. ಅವರು ಕೆಟ್ಟವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿ. ಕೆಟ್ಟ ಸುದ್ದಿ ಹೇಳುವಾಗ ಪೆನ್ನಿನ ಸ್ಟ್ಯಾಂಡನ್ನು ಸರಿಮಾಡುವುದು ಅವರ ಅಭ್ಯಾಸ.

"ನೋಡಿ ಮೇಡಂ, ಮುಂದಿನ ವರ್ಷ ಎರಡನೇ ಕ್ಲಾಸು, ಮೂರನೇ ಕ್ಲಾಸು ಒಟ್ಟಿಗೆ ಕೂರಿಸಿ ಅಂತ ಮೇಲಿಂದ ಮಾತು ಬಂದಿದೆ. ಟ್ಯಾಬ್ ಇದೆಯಲ್ಲ, ಒಬ್ಬ ಟೀಚರ್ ಸಾಕು ಅಂತಾರೆ" ಎಂದರು. ಸ್ಟ್ಯಾಂಡು ಎಡಕ್ಕೆ ಹೋಯಿತು. "ಮೂರು ವಾರಕ್ಕೆ ತಪಾಸಣೆಗೆ ಬರ್ತಾರೆ. ಬಂದವರು, ಈ ಟೀಚರ್ ಇದ್ರೇನೇ ಟ್ಯಾಬ್ ಪಾಠ ನಡೆಯೋದು ಅಂತ ಒಂದು ಸಾಲು ಬರೆದ್ರೆ ನಿಮ್ಮ ಹೆಸರು ಉಳಿಯುತ್ತೆ. ಮಕ್ಕಳಿಗೆ ನೂರಕ್ಕೆ ಎಂಬತ್ತರ ಮೇಲೆ ಬರಬೇಕು."

"ಬರೀದಿದ್ರೆ ಸಾರ್?"

ಸ್ಟ್ಯಾಂಡು ಬಲಕ್ಕೆ ಬಂತು.

ಐವತ್ತೆರಡನೆಯ ವಯಸ್ಸಿನಲ್ಲಿ, ಈ ಮಂಡಿ ಇಟ್ಟುಕೊಂಡು, ಬೇರೆ ಯಾವ ಶಾಲೆ ತನ್ನನ್ನು ಅತಿಥಿ ಎಂದು ಕರೆದೀತು ಎಂದು ಟೀಚರು ಬಸ್ಸಿನಲ್ಲಿ ನಿಂತುಕೊಂಡೇ ಯೋಚಿಸಿದರು. ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಸಾಲು. ಹದಿನೆಂಟು ವರ್ಷ ಮಕ್ಕಳಿಗೆ ಸಾವಿರಾರು ಸಾಲು ಬರೆಸಿದವರ ಬಗ್ಗೆ ಯಾರಾದರೂ ಒಂದು ಸಾಲು ಬರೆಯಬೇಕು.

ಅಂಕಗಳು ತಾವಾಗಿಯೇ ಟ್ಯಾಬಿನಿಂದ ಹೆಡ್‌ಮಾಸ್ಟರ ಕಂಪ್ಯೂಟರಿಗೆ ಹೋಗುತ್ತಿದ್ದವು. ಮಾರನೆಯ ದಿನ ಅವರು ಅದನ್ನು ತೆರೆದು ತೋರಿಸಿದರು. ಮೂವತ್ತನಾಲ್ಕು ಮಕ್ಕಳು. ಮೂವತ್ತನಾಲ್ಕು ಮಕ್ಕಳಿಗೂ ನೂರಕ್ಕೆ ಐವತ್ತು. ಐವತ್ತೊಂದಿಲ್ಲ, ನಲವತ್ತೊಂಬತ್ತಿಲ್ಲ. ದರ್ಜಿ ಕತ್ತರಿಸಿದ ಹಾಗೆ ಐವತ್ತು. "ಕಾಪಿ ಹೊಡೀತಾವಾ?" ಎಂದು ಹೆಡ್‌ಮಾಸ್ಟರು ಕೇಳಿದರು. ಎರಡನೆಯ ತರಗತಿಯ ಮಕ್ಕಳಿಗೆ ಕಾಪಿ ಹೊಡೆಯುವಷ್ಟು ಶಿಸ್ತು ಎಲ್ಲಿಂದ ಬರಬೇಕು ಎಂದು ಟೀಚರಿಗೆ ಅನ್ನಿಸಿತು.

ಗುಟ್ಟು ಬಿಟ್ಟುಕೊಟ್ಟವಳು ಲಾಯರಮ್ಮ. ಇದು ಟೀಚರೇ ಇಟ್ಟ ಅಡ್ಡಹೆಸರು. ಮುಂದಿನ ಹಲ್ಲೆರಡು ಬಿದ್ದಿದ್ದರೂ ವಾದದಲ್ಲಿ ಮಾತ್ರ ಯಾರಿಗೂ ಬಿಟ್ಟುಕೊಡದ ಹುಡುಗಿ. ಕಪ್ಪೆ ನೀರಲ್ಲೂ ಇರುತ್ತೆ, ನೆಲದ ಮೇಲೂ ಇರುತ್ತೆ, ಅದನ್ನು ಯಾಕೆ ಒಂದೇ ಕಡೆ ಬಿಡಬೇಕು ಎಂದು ಟ್ಯಾಬಿನ ಜೊತೆಗೇ ಜಗಳ ಆಡಿದವಳು. ಟೀಚರು ಅವಳ ಪಕ್ಕ ಕೂತು ನೋಡಿದರು. ಅವಳು ತಿಮಿಂಗಿಲವನ್ನು ಎತ್ತಿ ಮರಳುಗಾಡಿಗೆ ಹಾಕಿದಳು. ಅಯ್ಯೋ. ಅದನ್ನೇ ಮತ್ತೆ ಮರಳುಗಾಡಿಗೆ. ಅಯ್ಯೋ. ಮೂರನೆಯ ಸಲವೂ ಮರಳುಗಾಡಿಗೆ. ಅಯ್ಯೋ ಎಂದಿತು ಟ್ಯಾಬ್, ತಿಮಿಂಗಿಲ ತಾನಾಗಿಯೇ ಈಜಿಕೊಂಡು ಕಡಲಿಗೆ ಹೋಯಿತು, ಅದರ ಅಂಕದಲ್ಲಿ ಅರ್ಧ ಬಿತ್ತು.

"ಗೊತ್ತಿದ್ದೂ ಯಾಕೆ ಹಾಗೆ ಹಾಕ್ತೀಯ?"

"ಮೂರು ಅಯ್ಯೋ ಆದ್ಮೇಲೆ ಉತ್ತರ ಬರುತ್ತಲ್ಲ ಟೀಚರ್" ಎಂದಳು ಲಾಯರಮ್ಮ, ಇಷ್ಟೂ ಗೊತ್ತಿಲ್ಲವೇ ಎಂಬಂತೆ. "ನಿಮ್ಮ ಹತ್ರಾನೂ ಹಂಗೇ ಅಲ್ವಾ?"

ಟೀಚರಿಗೆ ನಾಚಿಕೆಯಾಯಿತು. ಹದಿನೆಂಟು ವರ್ಷ ತಾನು ಕಲಿಸಿದ್ದು ಇದು, ತಪ್ಪನ್ನು ಮೂರು ಸಲ ಮಾಡಿ ಕಾಯುವುದು. ಟ್ಯಾಬಿಗೂ ತನಗೂ ವ್ಯತ್ಯಾಸವಿಲ್ಲ ಎಂದು ಮೇಲಿನವರು ಹೇಳಿದರೆ ಅವರ ತಪ್ಪೇನು? ಆ ಸಂಜೆ ಅಕ್ಕನಿಗೆ ಹೇಳಿದರು. ಎರಡನೆಯ ನಿಮಿಷಕ್ಕೇ ಅಕ್ಕ ತಡೆದರು. "ಹಾಗಾದ್ರೆ ಅಯ್ಯೋ ಅನ್ನೋದು ಬಿಟ್ಬಿಡು. ಮಿಷನ್ನಿಗೆ ಆಗಲ್ಲ, ನಿನಗೆ ಆಗುತ್ತೆ."

ಹೇಳುವುದು ಸುಲಭ. ಮಾರನೆಯ ದಿನದಿಂದ ಟೀಚರು ಕುರ್ಚಿಯ ಕೈ ಹಿಡಿದು, ಹಲ್ಲು ಕಚ್ಚಿ ಕೂತರು. ಏಳುವಾಗ ಮೂಗಿನಲ್ಲಿ ಉಸಿರು ಬಿಟ್ಟರು. ಮಕ್ಕಳಿಗೆ ಗಾಬರಿಯಾಯಿತು. ತಪ್ಪು ಉತ್ತರ ಹೇಳಿ ಕಾದರು, ಅಯ್ಯೋ ಬರಲಿಲ್ಲ. ಟೀಚರಿಗೆ ಸಿಟ್ಟು ಬಂದಿದೆ ಎಂದು ಒಬ್ಬಳು ಅತ್ತೇಬಿಟ್ಟಳು.

ಟ್ಯಾಬ್‌ಗಳನ್ನು ಒಂದು ವಾರ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮಕ್ಕಳಿಗೆ ಹಿಮವಿಲ್ಲ, ಮರಳುಗಾಡಿಲ್ಲ. ಇರುವುದು ಈ ಕಟ್ಟಡ. ಸರಿ, ಇದರಲ್ಲೇ ಹುಡುಕಿ ಎಂದರು. ಯಾರು ಯಾರು ವಾಸವಾಗಿದ್ದಾರೆ ನೋಡಿ, ಮುಟ್ಟಬೇಡಿ, ಕೂಗಬೇಡಿ. ಒಂದೊಂದು ಜೀವಕ್ಕೂ ಮೂರು ಪ್ರಶ್ನೆ ಕೇಳಬೇಕು: ತಿನ್ನೋದು ಎಲ್ಲಿ, ಅವಿತುಕೊಳ್ಳೋದು ಎಲ್ಲಿ, ಮರಿ ಮಾಡೋದು ಎಲ್ಲಿ? ಮೂರಕ್ಕೂ ಉತ್ತರ ಸಿಕ್ಕಿದರೆ ಅದೇ ಅದರ ಅವಸರಸ್ಥಾನ. ಈ ಸಲ ಟೀಚರೇ ಹಾಗೆ ಹೇಳಿದರು, ಯಾರೂ ತಿದ್ದಲಿಲ್ಲ.

ಹಲ್ಲಿ ಗಡಿಯಾರದ ಹಿಂದೆ ಇತ್ತು. ಟ್ಯೂಬ್‌ಲೈಟಿಗೆ ಬರುವ ಹುಳ ಅದರ ಊಟ, ಕಿಟಕಿಯ ಮರದ ಸಂದಿನಲ್ಲಿ ಅದರ ಮೊಟ್ಟೆ, ಬಟಾಣಿಯಷ್ಟು ಗಾತ್ರ, ಬೆಳ್ಳಗೆ. ಕೈ ತೊಳೆಯುವ ನಲ್ಲಿಗಳ ಕೆಳಗೆ, ಕೊಳವೆ ಒಡೆದ ಕಡೆ, ಒಂದು ಕಪ್ಪೆ. ಮೀಟರ್ ಪೆಟ್ಟಿಗೆಯಲ್ಲಿ ಗುಬ್ಬಿಗಳು ನಾಲ್ಕು ವರ್ಷದಿಂದ ಬಾಡಿಗೆ ಇಲ್ಲದೆ ಇದ್ದವು. ಮುರಿದ ಬೆಂಚುಗಳ ಕೋಣೆಯಲ್ಲಿ ಬೆಕ್ಕು ಮರಿ ಹಾಕಿದ್ದು ಹೆಡ್‌ಮಾಸ್ಟರಿಗೂ ಗೊತ್ತಿರಲಿಲ್ಲ. ಮೂವತ್ತನಾಲ್ಕು ಮಕ್ಕಳು ತುದಿಗಾಲಲ್ಲಿ ಸಾಲಾಗಿ ನಡೆಯುವುದನ್ನು ಕಂಡು ಬೇರೆ ತರಗತಿಯವರು ಇಣುಕಿದರು. ಹಿಂದಿನಿಂದ ಟೀಚರು ಮಂಡಿ ಒತ್ತಿಕೊಳ್ಳುತ್ತ ಬರುತ್ತಿದ್ದರು. ಮೈ ಹಣ್ಣಾಗಿತ್ತು. ಆದರೂ ಇಷ್ಟು ವರ್ಷಗಳಲ್ಲಿ ಪಾಠ ಮಾಡಿದ್ದೇನೆ ಎಂದು ಅವರಿಗೆ ಅನ್ನಿಸಿದ್ದು ಆ ವಾರ.

ಕಪಾಟಿನ ಬೀಗ ತೆಗೆದ ಮೇಲೆ ಟ್ಯಾಬ್ ಆಟ ಬೇರೆಯೇ ಆಯಿತು. ಪೆಂಗ್ವಿನ್ನನ್ನು ಎತ್ತುವ ಮೊದಲು ಮಕ್ಕಳು ಗುಸುಗುಸು ಮಾತಾಡಿಕೊಂಡರು. ತಿನ್ನೋದು ಮೀನು. ಅವಿತುಕೊಳ್ಳೋದು? ಮರಿ? ಟೀಚರು ಚರ್ಮದ ಕೆಳಗಿನ ದಪ್ಪ ಕೊಬ್ಬಿನ ವಿಷಯ ಹೇಳಿದರು, ಚಳಿಗೆ ಗುಂಪಾಗಿ ನಿಲ್ಲುವುದನ್ನು ಮಕ್ಕಳನ್ನೇ ಒತ್ತೊತ್ತಾಗಿ ನಿಲ್ಲಿಸಿ ತೋರಿಸಿದರು. ಗಂಟೆ, ಗಂಟೆ, ಗಂಟೆ. ತೊಂಬತ್ತು, ತೊಂಬತ್ತೈದು. ಕಪ್ಪೆಗೆ ಮಾತ್ರ ಲಾಯರಮ್ಮ ಟ್ಯಾಬಿನ ತೀರ್ಪನ್ನು ಕೊನೆಯವರೆಗೂ ಒಪ್ಪಲಿಲ್ಲ.

ತಪಾಸಣೆಯ ಹಿಂದಿನ ದಿನ ಹೆಡ್‌ಮಾಸ್ಟರು ಬಂದು ಬುದ್ಧಿ ಹೇಳಿದರು. "ನಾಳೆ ನೀವು ಮಧ್ಯ ಬಾಯಿ ಹಾಕ್ಬೇಡಿ ಮೇಡಂ. ನೀವು ಹೇಳಿಕೊಟ್ರಿ ಅಂತ ಅನ್ನಿಸಬಾರದು. ಸುಮ್ನೆ ಕೂತಿರಿ." ಮೂರು ವಾರ ಓಡಾಡಿ ಮಂಡಿ ಊದಿಕೊಂಡಿತ್ತು. ಕೂತಿರಿ ಎಂದಿದ್ದಕ್ಕೆ ಟೀಚರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಬಂದವರು ಒಬ್ಬ ಮೇಡಂ, ಸಣ್ಣ ವಯಸ್ಸು, ಕಣ್ಣ ಕೆಳಗೆ ಕಪ್ಪು. ಅವರೂ ಬೆಳಗಿನಿಂದ ಮೂರು ಶಾಲೆ ಸುತ್ತಿ ಬಂದಿದ್ದರು. ಟೀಚರು ಹಲ್ಲು ಕಚ್ಚಿ ಕುರ್ಚಿಯಲ್ಲಿ ಕೂತರು. ಮಕ್ಕಳು ಮೂವರು ಮೂವರಾಗಿ ನೆಲದ ಮೇಲೆ ಕೂತು ಆಟ ತೆರೆದರು. ಹಕ್ಕಿ ಕೂಗಿತು. ಆಮೇಲೆ ಗಂಟೆ ಬಿಟ್ಟರೆ ಬೇರೆ ಸದ್ದಿಲ್ಲ. ಇಡೀ ಅರ್ಧ ಗಂಟೆ ಆ ಕೋಣೆಯಲ್ಲಿ ಟ್ಯಾಬಿನದಾಗಲೀ ಟೀಚರದಾಗಲೀ ಒಂದೇ ಒಂದು ಅಯ್ಯೋ ಕೇಳಲಿಲ್ಲ. ತಪಾಸಣೆಯ ಮೇಡಂ ಲಾಯರಮ್ಮನ ಪಕ್ಕ ಬಗ್ಗಿ ಕೇಳಿದರು, "ಇದೆಲ್ಲ ಎಲ್ಲಿ ಕಲಿತೆ ಪುಟ್ಟಿ?"

ಯಾರು ಕಲಿಸಿದರು ಎಂದು ಕೇಳಿದ್ದರೆ ಕಥೆ ಬೇರೆ. ಕೇಳಿದ್ದು ಎಲ್ಲಿ ಎಂದು. ಎಲ್ಲಿ ಎಂಬ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಬೇಕೆಂದು ಮೂರು ವಾರದಿಂದ ಕಲಿತ ಹುಡುಗಿ ಅವಳು. ಗಡಿಯಾರ, ಕಿಟಕಿ, ನಲ್ಲಿ, ಬೆಂಚಿನ ಕೋಣೆ ಎಲ್ಲ ಸೇರಿಸಿ, ಬೆರಳು ಕೆಳಗೆ ಮಾಡಿ, "ಇಲ್ಲೇ" ಎಂದಳು. ಬೆರಳಿನ ಕೆಳಗೆ ಟ್ಯಾಬಿತ್ತು. ಮೇಡಂ ತಲೆಯಾಡಿಸಿ ಬರೆದುಕೊಂಡರು.

ಹತ್ತು ದಿನಕ್ಕೆ ವರದಿ ಬಂತು. ಹೆಡ್‌ಮಾಸ್ಟರು ಟೀಚರನ್ನು ಕರೆದು ಕೂರಿಸಿ, ಈ ಸಲ ಪೆನ್ನಿನ ಸ್ಟ್ಯಾಂಡನ್ನೂ ಮುಟ್ಟದೆ ಓದಿದರು. ಒಂದು ಸಾಲು ಇತ್ತು. ಮಕ್ಕಳು ಶಿಕ್ಷಕಿಯ ನೆರವಿಲ್ಲದೆಯೇ ಟ್ಯಾಬಿನಿಂದ ಸ್ವತಂತ್ರವಾಗಿ ಕಲಿಯುತ್ತಿರುವುದು ಶ್ಲಾಘನೀಯ.

ಕೆಟ್ಟದಾಗಿ ಪಾಠ ಮಾಡಿದ್ದರೆ ಟ್ಯಾಬಿನ ಜೊತೆ ಇವರು ಬೇಕು ಎನ್ನುತ್ತಿದ್ದರೋ ಏನೋ. ಚೆನ್ನಾಗಿ ಮಾಡಿದ್ದಕ್ಕೆ ಬೇಡವಾದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಇಲ್ಲಿ ಅಂಬಿಗ ದೋಣಿಯಲ್ಲಿದ್ದದ್ದೇ ಯಾರಿಗೂ ಕಾಣಲಿಲ್ಲ.

"ಕೂತಿರಿ ಅಂತ ನಾನೇ ಹೇಳಿದ್ದು ಮೇಡಂ" ಎಂದರು ಹೆಡ್‌ಮಾಸ್ಟರು. ಅವರ ಮುಖ ಸಣ್ಣಗಾಗಿತ್ತು. ಮೇಲಿನವರಿಗೆ ಪತ್ರ ಬರೆಯುತ್ತೇನೆ ಎಂದರು. ಟೀಚರು ಆಗಲಿ ಸಾರ್ ಎಂದರು. ಬರೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆ ಸಂಜೆ ಹದಿನಾರನೆಯ ಮೆಟ್ಟಿಲಲ್ಲಿ ಅವರು ಬಹಳ ಹೊತ್ತು ನಿಂತರು. ಮನೆಗೆ ಬಂದು ಅಕ್ಕನ ಎದುರು ಕೂತು ಎಲ್ಲ ಹೇಳಿದರು. ಸಾಲನ್ನು ಹೇಳಿದರು, ಲಾಯರಮ್ಮನ ಬೆರಳನ್ನು ಹೇಳಿದರು, ಹಲ್ಲಿಯ ಮೊಟ್ಟೆಯನ್ನು ಹೇಳಿದರು. ಶ್ಲಾಘನೀಯ ಎಂಬಲ್ಲಿ ಅವರ ದನಿ ಒಡೆಯಿತು. ಮೂರು ನಿಮಿಷ ಆಯಿತು, ಹತ್ತಾಯಿತು, ಅರ್ಧ ಗಂಟೆಯಾಯಿತು. ಅಕ್ಕ ಗಡಿಯಾರದ ಕಡೆ ನೋಡಲಿಲ್ಲ. ಕೊನೆಗೆ ಎದ್ದು ಬಿಸಿನೀರಿನ ಚೀಲ ತಂದು ತಂಗಿಯ ಮಂಡಿಯ ಮೇಲಿಟ್ಟರು.

ವರ್ಷದ ಕೊನೆಗೆ ಬಿಡುಗಡೆ ಪತ್ರ ಬಂತು, ಹೊಸ ವರ್ಷಕ್ಕೆ ನೇಮಕ ಪತ್ರ ಬರಲಿಲ್ಲ. ಎರಡು ತಿಂಗಳು ಯಾರೂ ಆಗದೆ ಇದ್ದು ರೂಢಿಯಿದ್ದ ಟೀಚರಿಗೆ ಮೂರನೆಯ ತಿಂಗಳು ಹೇಗೆ ಕಳೆಯಬೇಕೆಂದು ತಿಳಿಯಲಿಲ್ಲ. ಬೆಳಗ್ಗೆ ಟ್ಯಾಬಿನ ಚಾರ್ಜಿನ ಹೊತ್ತಿಗೇ ಎಚ್ಚರವಾಗುತ್ತಿತ್ತು. ಅಕ್ಕ ಗೊಣಗಿದ ಮೇಲೆ, ಮಕ್ಕಳಿಗೆ ಮನೆಪಾಠ ಹೇಳುವ ಒಂದು ಕಡೆ ವಿಚಾರಿಸಿದರು. ಅವರು ಹಳೆಯ ಶಾಲೆಯಿಂದ ಸೇವೆಯ ಪತ್ರ ತನ್ನಿ ಎಂದರು.

ಹೀಗೆ ಒಂದು ಬೆಳಗ್ಗೆ ಟೀಚರು ಶಾಲೆಗೆ ಬಂದರು, ನಿಜವಾದ ಅತಿಥಿಯಾಗಿ. ಹೆಡ್‌ಮಾಸ್ಟರು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಪತ್ರ ಬರೆದು, ಮೊಹರು ಎಲ್ಲಿಟ್ಟೆ ಎಂದು ಡ್ರಾಯರ್ ತಡಕಾಡುತ್ತ ತಮ್ಮ ಗೋಳು ಹೇಳಿಕೊಂಡರು. ಎರಡು ತರಗತಿ ಸೇರಿಸಿದ ಮೇಲೆ ಅರವತ್ತೊಂದು ಮಕ್ಕಳು. ಹೊಸಬರು ಹೇಗೋ ಎಂಬತ್ತು ತೆಗೆಯುತ್ತಾರೆ. ನಿಮ್ಮ ಹಳೆಯ ಮೂವತ್ತನಾಲ್ಕು ಮಾತ್ರ ಮತ್ತೆ ಐವತ್ತಕ್ಕೆ ಇಳಿದು ಕೂತಿವೆ.

"ಬಾಯಲ್ಲಿ ಕೇಳಿದ್ರೆ ಎಲ್ಲ ಸರಿಯಾಗಿ ಹೇಳ್ತವೆ ಮೇಡಂ. ಟ್ಯಾಬಲ್ಲಿ ಮಾತ್ರ ತಿಮಿಂಗಿಲನ ಮರಳುಗಾಡಿಗೆ ಹಾಕ್ತವೆ. ಏನು ರೋಗ ಅಂತ ಗೊತ್ತಾಗ್ತಿಲ್ಲ. ಮೇಲಿಂದ ಕೇಳ್ತಿದ್ದಾರೆ."

ಟೀಚರಿಗೂ ಗೊತ್ತಾಗಲಿಲ್ಲ. ತಾನು ಕಲಿಸಿದ್ದು ಮೂರು ತಿಂಗಳೂ ನಿಲ್ಲಲಿಲ್ಲವಲ್ಲ ಎಂದು ಎದೆಗೆ ಗುದ್ದಿದ ಹಾಗಾಯಿತು. ಆ ಸಾಲು ಬರೆದವರು, ಪತ್ರ ಬರೆಯದವರು ಎಲ್ಲರೂ ಸರಿ, ತಾನೇ ದಂಡ ಅನ್ನಿಸಿತು. ಮೊಹರು ಸಿಗುವವರೆಗೆ ಹೊರಗೆ ನಿಂತಿರುತ್ತೇನೆ ಎಂದು ವರಾಂಡಕ್ಕೆ ಬಂದರು.

ನಲ್ಲಿಯ ಹತ್ತಿರ ಲಾಯರಮ್ಮ ನೀರು ಕುಡಿಯುತ್ತಿದ್ದಳು. ಹಲ್ಲೆರಡೂ ಬಂದಿದ್ದವು. ಟೀಚರನ್ನು ಕಂಡು ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಕಪ್ಪೆ ಇನ್ನೂ ಅಲ್ಲೇ ಇದೆ, ಮರಿ ಮಾಡಿದೆ ಎಂದು ವರದಿ ಒಪ್ಪಿಸಿದಳು.

"ತಿಮಿಂಗಿಲನ ಯಾಕೆ ಮರಳುಗಾಡಿಗೆ ಹಾಕ್ತೀರಿ?" ಎಂದರು ಟೀಚರು. "ಅದು ತಿನ್ನೋದು ಎಲ್ಲಿ, ಮರೆತುಹೋಯ್ತಾ?"

"ಮರ್ತಿಲ್ಲ. ಸಮುದ್ರದಲ್ಲಿ" ಎಂದಳು. "ಸರಿಯಾಗಿ ಹಾಕಿದ್ರೆ ಬರೀ ಗಂಟೆ ಹೊಡೆಯುತ್ತೆ ಟೀಚರ್. ತಪ್ಪು ಹಾಕಿದ್ರೆ ನೀವು ಬರ್ತೀರಿ."

"ನಾನಾ?"

"ಅಯ್ಯೋ ಅಂತೀರಲ್ಲ. ಮೂರು ಸಲ ಅನ್ನಿಸ್ತೀವಿ. ಈಗ ನನ್ನ ಸರದಿ" ಎಂದು ಬಾಯಿ ಒರೆಸಿಕೊಂಡು ಒಳಗೆ ಓಡಿದಳು.

ಟೀಚರು ಕಂಬ ಹಿಡಿದು ನಿಂತರು. ತೆರೆದ ಬಾಗಿಲಿನಿಂದ ಗಡಿಯಾರ ಕಾಣುತ್ತಿತ್ತು, ಅದರ ಕೆಳಗೆ ಬಗ್ಗಿದ ತಲೆಗಳು. ಹಕ್ಕಿ ಕೂಗಿತು. ತುಸು ಹೊತ್ತಿಗೆ ಒಳಗಿನಿಂದ ಒಂದು ಅಯ್ಯೋ ಕೇಳಿಸಿತು. ಆಮೇಲೆ ಎರಡನೆಯದು. ವರಾಂಡದ ಬೆಂಚು ಗಿಡ್ಡ, ಮಕ್ಕಳಿಗೆ ಮಾಡಿಸಿದ್ದು. ಅದರ ಮೇಲೆ ಕೂರಲು ಹೋದಾಗ ಮಂಡಿಯಲ್ಲಿ ಚಳುಕು ಹೊಡೆದು, ಇಷ್ಟು ತಿಂಗಳು ಹಲ್ಲಿನ ಹಿಂದೆ ಹಿಡಿದಿಟ್ಟದ್ದು ಬಾಯಿಂದ ಜಾರಿ ಹೊರಗೆ ಬಿತ್ತು.

"ಅಯ್ಯೋ."

ಒಳಗೆ ಎಲ್ಲರೂ ಲಾಯರಮ್ಮನ ಟ್ಯಾಬ್ ನೋಡಿದರು. ಮೂರು ಅಯ್ಯೋ ಆಗಿತ್ತು. ತಿಮಿಂಗಿಲ ಇನ್ನೂ ಮರಳಿನಲ್ಲೇ ಇತ್ತು. ಆಮೇಲೆ ತಲೆಗಳು ಒಂದೊಂದಾಗಿ ಬಾಗಿಲ ಕಡೆ ತಿರುಗಿದವು.